ಮೊದಲು ನೆಲದ ಮೇಲೆ ಚಾಕ್‌ಪೀಸ್‌ನಲ್ಲಿ ಗೆರೆ ಎಳೆಯಿರಿ

ಸಣ್ಣ ಉದ್ದಿಮೆಯವರು ವಿದೇಶಕ್ಕೆ ಸರಕು ಕಳಿಸುವಾಗ ಪ್ಯಾಕಿಂಗ್‌ನಲ್ಲಿ ಎಲ್ಲಿ ಎಡವುತ್ತಾರೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಪ್ಯಾಲೆಟ್ ಲೆಕ್ಕ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಇಪ್ಪತ್ತೆಂಟು ವರ್ಷ ವೈಟ್‌ಫೀಲ್ಡ್ ಕಡೆಯ ಗೋದಾಮುಗಳಲ್ಲಿ ನಾನು ಮಾಡಿದ ಕೆಲಸವೇ ಇದು: ಬಾಕ್ಸ್ ಅಳೆಯುವುದು, ಎಣಿಸುವುದು, ಜೋಡಿಸುವುದು. ಪ್ಯಾಲೆಟ್ ನೋಡದವರಿಗೆ ಒಂದು ಮಾತು. ಅದೊಂದು ದೊಡ್ಡ ಮರದ ಮಣೆ. ಅಡಿಯಲ್ಲಿ ಸಂದು ಇರುತ್ತದೆ. ಫೋರ್ಕ್‌ಲಿಫ್ಟ್‌ನ ಎರಡು ಕೊಂಬು ಆ ಸಂದಿಗೆ ನುಗ್ಗಿ, ಮೇಲಿರುವ ಅಷ್ಟೂ ಬಾಕ್ಸ್‌ಗಳನ್ನು ಒಟ್ಟಿಗೆ ಎತ್ತುತ್ತವೆ.

ಪ್ರಶ್ನೆ: ನಮಸ್ಕಾರ ಅಣ್ಣಾ. ಚನ್ನಪಟ್ಟಣದಲ್ಲಿ ನಮ್ಮದೊಂದು ಸಣ್ಣ ಬೊಂಬೆ ಘಟಕ. ಆರು ಜನ ಹೆಣ್ಣುಮಕ್ಕಳು ಸೇರಿ ನಡೆಸುತ್ತೇವೆ. ಜರ್ಮನಿಯಿಂದ ಮೊದಲ ದೊಡ್ಡ ಆರ್ಡರ್ ಬಂದಿದೆ. 120×80 ಸೆಂ.ಮೀ. ಪ್ಯಾಲೆಟ್ ಮೇಲೆ ಕಳಿಸಿ, ಪ್ಯಾಲೆಟ್ ಸೇರಿ ಎತ್ತರ 165 ಸೆಂ.ಮೀ. ಮೀರಬಾರದು, ಒಂದರಲ್ಲಿ ಎಷ್ಟು ಬಾಕ್ಸ್ ಬರುತ್ತದೆ ತಿಳಿಸಿ ಅಂದಿದ್ದಾರೆ. ನಮ್ಮ ರಟ್ಟಿನ ಬಾಕ್ಸ್ 45×35×30. ಒಂದರಲ್ಲಿ 24 ಬೊಂಬೆ ಡಬ್ಬಿ, ತೂಕ 9 ಕೆ.ಜಿ. ಡಬ್ಬಿ ಒಂದೊಂದೂ 9×9×13. ಒಳಗೆ ಉಳಿದ ಜಾಗಕ್ಕೆ ಪೇಪರ್ ತುರುಕುತ್ತೇವೆ. ನನ್ನ ಮಗ ಕ್ಯಾಲ್ಕುಲೇಟರ್‌ನಲ್ಲಿ ಭಾಗಿಸಿ 30 ಬಾಕ್ಸ್ ಅಂದ. ಅದನ್ನೇ ಬರೆದು ಕಳಿಸಿಬಿಡಲಾ?
(ಓದುಗರು, ಚನ್ನಪಟ್ಟಣ)

ಕಳಿಸಬೇಡಿ ಅಕ್ಕಾ. ಎರಡು ದಿನ ತಡೆಯಿರಿ.

ನಿಮ್ಮ ಮಗ ಭಾಗಾಕಾರ ಸರಿಯಾಗೇ ಮಾಡಿದ್ದಾನೆ. ಪ್ಯಾಲೆಟ್ ಮೇಲಿನ ಜಾಗ 120×80×150. ಅದನ್ನು 45×35×30ರಿಂದ ಭಾಗಿಸಿದರೆ 30ಕ್ಕೆ ಸ್ವಲ್ಪ ಜಾಸ್ತಿಯೇ ಬರುತ್ತದೆ. ಆದರೆ ಅದು ನೀರು ತುಂಬಿಸುವ ಲೆಕ್ಕ. ನೀರು ಯಾವ ಮೂಲೆಗೆ ಬೇಕಾದರೂ ಹರಿದು ಕೂತುಕೊಳ್ಳುತ್ತದೆ. ಬಾಕ್ಸ್ ಹಾಗಲ್ಲ. ಅದಕ್ಕೆ ಉದ್ದ ಇದೆ, ಅಗಲ ಇದೆ, ಮೂಲೆ ಇದೆ. ಉಳಿದ ಚೂರುಪಾರು ಜಾಗ ಎಷ್ಟೇ ಇದ್ದರೂ ಅದರಲ್ಲಿ ಅರ್ಧ ಬಾಕ್ಸ್ ಇಡೋಕಾಗಲ್ಲ.

ಅಂಗಳ ಗುಡಿಸಿ. ಟೇಪು ಹಿಡಿದು ನೆಲದ ಮೇಲೆ 120 ಉದ್ದ, 80 ಅಗಲದ ಚೌಕ ಬರೆಯಿರಿ. ಚಾಕ್‌ಪೀಸ್ ಇಲ್ಲದಿದ್ದರೆ ರಂಗೋಲಿ ಪುಡಿ ಸಾಕು. ಈಗ ನಿಮ್ಮ ಬಾಕ್ಸ್‌ಗಳನ್ನು ಒಳಗಿಡಿ. ಒಂದು ವರಸೆ ಮಾತ್ರ, ಒಂದರ ಮೇಲೊಂದು ಬೇಡ.

ಮೊದಲು 45ರ ಕಡೆಯನ್ನು ಚೌಕದ ಉದ್ದಕ್ಕೆ ಹಿಡಿದು ಇಡಿ. ಉದ್ದಕ್ಕೆ ಎರಡು, ಅಗಲಕ್ಕೆ ಎರಡು. ನಾಲ್ಕೇ ಬಾಕ್ಸ್. ಒಂದು ಬದಿಯಲ್ಲಿ 30 ಸೆಂ.ಮೀ. ಪಟ್ಟಿ ಖಾಲಿ. ಈಗ ಎಲ್ಲವನ್ನೂ ತಿರುಗಿಸಿ ಇಡಿ. ಉದ್ದಕ್ಕೆ ಮೂರು ಬರುತ್ತವೆ, ಅಗಲಕ್ಕೆ ಒಂದೇ. ಇನ್ನೂ ಕಡಿಮೆಯಾಯಿತು. ಆ ಮೂರನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಉಳಿದ 35ರ ಪಟ್ಟಿಯಲ್ಲಿ ಎರಡು ಬಾಕ್ಸ್ ಉದ್ದುದ್ದ ಇಡಿ. ಐದಾಯಿತು. ನಾನೂ ಹಾಳೆ ಮೇಲೆ ಬೇರೆ ಬೇರೆ ರೀತಿ ಇಟ್ಟು ನೋಡಿದೆ, ಆರನೆಯದು ಎಲ್ಲೂ ಕೂರಲಿಲ್ಲ.

ಇನ್ನು ಎತ್ತರ. ಈ ಅಳತೆಯ ಪ್ಯಾಲೆಟ್ಟನ್ನು ಯೂರೋ ಪ್ಯಾಲೆಟ್ ಅನ್ನುತ್ತಾರೆ. ಅದರ ಸ್ವಂತ ಎತ್ತರ 14.4 ಸೆಂ.ಮೀ. 165ರಲ್ಲಿ ಅದನ್ನು ಕಳೆದರೆ 150.6. ಒಂದು ಬಾಕ್ಸ್ 30 ಎತ್ತರ, ಹಾಗಾಗಿ ಐದು ವರಸೆ. ಐದೈದಲ ಇಪ್ಪತ್ತೈದು. 30 ಅಂತ ಬರೆದು ಕಳಿಸಿದ್ದರೆ, ಪ್ರತಿ ಪ್ಯಾಲೆಟ್‌ಗೆ ಐದು ಬಾಕ್ಸ್ ಗೋದಾಮಿನ ಬಾಗಿಲಲ್ಲಿ ಉಳಿದುಬಿಡುತ್ತಿದ್ದವು. ಆಗ ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಎಲ್ಲವನ್ನೂ ತಿದ್ದಬೇಕಾಗುತ್ತಿತ್ತು.

ಆದರೆ ಅಕ್ಕಾ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ‘ಪೇಪರ್ ತುರುಕುತ್ತೇವೆ’ ಅಂದಿದ್ದೀರಲ್ಲ, ಅಲ್ಲಿ. 24 ಡಬ್ಬಿ ಅಂದರೆ ಉದ್ದಕ್ಕೆ ನಾಲ್ಕು, ಅಗಲಕ್ಕೆ ಮೂರು, ಹಾಗೆ ಎರಡು ವರಸೆ. 9×9×13ರ ಡಬ್ಬಿಗೆ ಬೇಕಾಗಿರುವುದು 36×27×26 ಜಾಗ ಮಾತ್ರ. ನಿಮ್ಮ ಬಾಕ್ಸ್ ಅದಕ್ಕಿಂತ ಎಷ್ಟೋ ದೊಡ್ಡದು. ಅಂದರೆ ನೀವು ಜರ್ಮನಿಯವರೆಗೂ ಬಾಡಿಗೆ ಕೊಟ್ಟು ಪೇಪರ್ ಸಾಗಿಸುತ್ತೀರಿ. ಬೊಂಬೆಯ ಅರಗಿನ ಹೊಳಪು ಉಜ್ಜಿ ಹೋಗಬಾರದು ಅನ್ನುವ ಕಾಳಜಿ ನನಗೆ ಅರ್ಥವಾಗುತ್ತದೆ. ಆ ರಕ್ಷಣೆ ಒಳಗಿನ ಡಬ್ಬಿಯಲ್ಲಿ ಇರಲಿ. ಹೊರಗಿನ ಬಾಕ್ಸ್ ಸಡಿಲ ಇದ್ದರೆ ಡಬ್ಬಿಗಳು ಒಳಗೇ ಅಲುಗಾಡಿ ಇನ್ನೂ ಜಾಸ್ತಿ ಉಜ್ಜುತ್ತವೆ.

ನಿಮ್ಮ ರಟ್ಟಿನ ಬಾಕ್ಸ್ ಮಾಡಿಕೊಡುವವರಿಗೆ ಹೊಸ ಅಳತೆ ಕೊಡಿ. ಹೊರ ಅಳತೆ 39.5×29.5×29.5, ಐದು ಪದರದ ರಟ್ಟು. ‘ಹೊರ ಅಳತೆ’ ಎಂದು ಎರಡು ಸಲ ಹೇಳಿ. ಅವರು ಸಾಮಾನ್ಯವಾಗಿ ಒಳ ಅಳತೆಯಲ್ಲೇ ಮಾತಾಡುತ್ತಾರೆ, ರಟ್ಟಿನ ದಪ್ಪ ಲೆಕ್ಕಕ್ಕೆ ಸೇರಿರುವುದಿಲ್ಲ. ಈ ಅಳತೆಯಲ್ಲಿ ಅದೇ 24 ಡಬ್ಬಿ ಹಿತವಾಗಿ ಕೂರುತ್ತವೆ. ಈಗ ಚಾಕ್‌ಪೀಸ್ ಚೌಕದಲ್ಲಿ ಮತ್ತೆ ಇಟ್ಟು ನೋಡಿ. ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು. ಒಂದು ವರಸೆಗೆ ಎಂಟು! ಐದು ವರಸೆಗೆ 40 ಬಾಕ್ಸ್. ಮೊದಲು ಒಂದು ಪ್ಯಾಲೆಟ್‌ನಲ್ಲಿ 600 ಡಬ್ಬಿ ಹೋಗುತ್ತಿತ್ತು, ಈಗ 960. ಅದೇ ಬೊಂಬೆ, ಅದೇ ಪ್ಯಾಲೆಟ್, ಬಾಡಿಗೆಯೂ ಹೆಚ್ಚುಕಡಿಮೆ ಅದೇ.

ಅರ್ಧ ಸೆಂಟಿಮೀಟರ್ ಯಾಕೆ ಕಡಿಮೆ ಹೇಳಿದೆ ಅಂತ ಕೇಳುತ್ತೀರೇನೋ. ತುಂಬಿದ ಬಾಕ್ಸ್ ಹೊಟ್ಟೆ ಉಬ್ಬುತ್ತದೆ. 40, 40 ಸೇರಿಸಿ ಕರಾರುವಾಕ್ಕಾಗಿ 80 ಮಾಡಿದರೆ, ಕಟ್ಟಿದ ಮೇಲೆ ಅದು 81 ಆಗಿ ಪ್ಯಾಲೆಟ್ ಅಂಚಿನಿಂದ ಹೊರಗೆ ಬರುತ್ತದೆ. ನಿಮ್ಮ ಹಳೆ ಬಾಕ್ಸ್‌ಗೂ ಇದೇ ತೊಂದರೆ, 45ಕ್ಕೆ 35 ಸೇರಿದರೆ ಸರಿಯಾಗಿ 80.

40×30, 60×40 ಎನ್ನುವ ಅಳತೆಗಳು ಯುರೋಪಿಗೆ ಹೋಗುವ ಸರಕಿನಲ್ಲಿ ಪದೇ ಪದೇ ಕಾಣುವುದು ಇದಕ್ಕೇ. ಯೂರೋ ಪ್ಯಾಲೆಟ್ಟನ್ನು ಅಲ್ಲಿನ ರೈಲ್ವೆಗಳು 1961ರಲ್ಲಿ ಒಟ್ಟಾಗಿ ಒಪ್ಪಿಕೊಂಡವು. ಆಮೇಲೆ ಬಾಕ್ಸ್, ಟ್ರೇ, ಕ್ರೇಟುಗಳ ಅಳತೆಯೆಲ್ಲ ಅದಕ್ಕೆ ಹೊಂದಿಕೊಂಡೇ ಬಂತು. ನಾವು ಮಾಡುವುದು ತಿರುಗಾಮುರುಗಾ. ಮೊದಲು ಕೈಗೆ ಸಿಕ್ಕಿದ ಬಾಕ್ಸ್ ತರುತ್ತೇವೆ, ಆಮೇಲೆ ಪ್ಯಾಲೆಟ್ ಮೇಲೆ ಹೇಗಿಡುವುದು ಅಂತ ಒದ್ದಾಡುತ್ತೇವೆ. ಮೊದಲು ಪ್ಯಾಲೆಟ್ ಅಳತೆ ಕೇಳಿ, ಆಮೇಲೆ ಬಾಕ್ಸ್ ಹೊಲಿಸಿ. ಅಮೆರಿಕದವರು 48×40 ಇಂಚು ಅನ್ನುತ್ತಾರೆ. ಜಪಾನಿನವರದು 110×110. ನಮ್ಮಲ್ಲಿ ಹೆಚ್ಚಾಗಿ 120×100 ಓಡುತ್ತದೆ. ಗಿರಾಕಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಹಳೆ ಬಾಕ್ಸ್‌ಗಳು ಸ್ಟಾಕ್ ಇದ್ದರೆ ಬೆಂಗಳೂರಿನ ಅಂಗಡಿಗಳ ಆರ್ಡರ್‌ಗೆ ಬಳಸಿ ಮುಗಿಸಿ, ಬಿಸಾಡಬೇಡಿ. ಪ್ಯಾಲೆಟ್ ಕೊಳ್ಳುವಾಗ ಮರದ ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ, ಪಕ್ಕದಲ್ಲಿ ‘ಎಚ್‌ಟಿ’ ಅಕ್ಷರ ಇದೆಯಾ ನೋಡಿ. ಹುಳ ಹರಡಬಾರದು ಎಂದು ಮರವನ್ನು ಅದರ ತಿರುಳು 56 ಡಿಗ್ರಿಗೆ ಏರಿ 30 ನಿಮಿಷ ಹಾಗೇ ಇರುವಂತೆ ಕಾಯಿಸಿದ್ದಾರೆ ಅನ್ನುವ ಗುರುತು ಅದು. ಮುದ್ರೆ ಇಲ್ಲದ ಮರದ ಪ್ಯಾಲೆಟ್ಟನ್ನು ಅಲ್ಲಿನ ಬಂದರಿನಲ್ಲೇ ತಡೆಯುತ್ತಾರೆ. ನಿಮ್ಮ ಬೊಂಬೆ ಎಷ್ಟೇ ಚೆನ್ನಾಗಿದ್ದರೂ ಅದರ ಜೊತೆಗೇ ನಿಂತುಬಿಡುತ್ತದೆ.

ಪ್ರಶ್ನೆ: ಸರ್, ನೆಲಮಂಗಲದ ಹತ್ತಿರ ಒಂದು ಗೋದಾಮಿನಲ್ಲಿ ಮೂರು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ಸೂಪರ್‌ವೈಸರ್ ಬಾಕ್ಸ್ ಮೇಲೆ ಬಾಕ್ಸ್ ನೇರವಾಗಿ ಇಡು ಅನ್ನುತ್ತಾರೆ. ಹಳೆ ಲೋಡರ್‌ಗಳು ಇಟ್ಟಿಗೆ ಗೋಡೆ ಕಟ್ಟಿದ ಹಾಗೆ ಅಡ್ಡಡ್ಡ ಇಟ್ಟರೇ ಗಟ್ಟಿ ಅನ್ನುತ್ತಾರೆ. ಯಾರ ಮಾತು ಕೇಳಲಿ? ನಾನು ನಿಮ್ಮ ಮಗನ ವಯಸ್ಸಿನವನು, ಏಕವಚನದಲ್ಲೇ ಬರೆಯಿರಿ.
(ಓದುಗ, ನೆಲಮಂಗಲ)

ತಮ್ಮಾ, ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಅವರು ಹೇಳುತ್ತಿರುವುದು ಎರಡು ಬೇರೆ ಬೇರೆ ಭಯದ ಬಗ್ಗೆ.

ನಾಳೆ ಡ್ಯೂಟಿಗೆ ಹೋದಾಗ ಒಂದು ಕೆಲಸ ಮಾಡು. ತುಂಬಿದ ಒಂದು ಬಾಕ್ಸ್ ತಗೊಂಡು ಮೇಲ್ಭಾಗದ ನಡುವೆ ಅಂಗೈ ಇಟ್ಟು ಒತ್ತು. ಒಳಗೆ ತಗ್ಗುತ್ತದೆ. ಈಗ ಮೂಲೆಯ ಮೇಲೆ ಅಂಗೈ ಇಟ್ಟು ಅಷ್ಟೇ ಬಲ ಹಾಕು. ಅಲುಗುವುದಿಲ್ಲ. ಮನೆಗೆ ಕಂಬ ಇದ್ದ ಹಾಗೆ ಬಾಕ್ಸ್‌ಗೆ ನಾಲ್ಕು ಮೂಲೆ. ಬಾಕ್ಸ್ ಮೇಲೆ ಬಾಕ್ಸ್ ನೇರವಾಗಿ ಇಟ್ಟರೆ ಕಂಬದ ಮೇಲೆ ಕಂಬ ಬರುತ್ತದೆ. ಅಡ್ಡಡ್ಡ ಇಟ್ಟರೆ ಮೇಲಿನ ಬಾಕ್ಸಿನ ಮೂಲೆ ಕೆಳಗಿನದರ ನಡುಗೋಡೆಯ ಮೇಲೆ ಬಂದು ಕೂರುತ್ತದೆ. ಆಗ ಬಾಕ್ಸ್ ಹೊರುವ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಹೋಗುತ್ತದೆ. ಇಟ್ಟಿಗೆ ಒಳಗೂ ಗಟ್ಟಿ, ಅದಕ್ಕೇ ಗೋಡೆಗೆ ಆ ಪದ್ಧತಿ ಸರಿ. ಬಾಕ್ಸ್ ಒಳಗೆ ಟೊಳ್ಳು, ಅಲ್ವಾ?

ಹಳೆ ಲೋಡರ್‌ಗಳ ಭಯ ಬೇರೆ. ನೇರ ಕಟ್ಟಿದ ಸಾಲುಗಳು ಲಾರಿ ತಿರುವಿನಲ್ಲಿ ಬಿಡಿಬಿಡಿಯಾಗಿ ವಾಲುತ್ತವೆ. ಅವರು ಕಣ್ಣಾರೆ ನೋಡಿದ್ದನ್ನೇ ಹೇಳುತ್ತಿದ್ದಾರೆ, ಅಲ್ಲಗಳೆಯಬೇಡ. ನಾವು ಮಾಡುತ್ತಿದ್ದದ್ದು ಹೀಗೆ. ಕೆಳಗಿನ ವರಸೆಗಳೆಲ್ಲ ನೇರ, ಮೇಲಿನ ಒಂದು ವರಸೆ ಮಾತ್ರ ಅಡ್ಡ. ಅದು ಕುತ್ತಿಗೆಗೆ ಹಗ್ಗ ಹಾಕಿದ ಹಾಗೆ ಸಾಲುಗಳನ್ನು ಹಿಡಿದುಕೊಳ್ಳುತ್ತದೆ. ನಾಲ್ಕು ಮೂಲೆಗೂ ರಟ್ಟಿನ ಕಾರ್ನರ್ ಪಟ್ಟಿ. ಆಮೇಲೆ ಸ್ಟ್ರೆಚ್ ಫಿಲ್ಮ್, ಅಂದರೆ ಎಳೆದು ಬಿಗಿಯಾಗಿ ಸುತ್ತುವ ತೆಳು ಪ್ಲಾಸ್ಟಿಕ್. ಫಿಲ್ಮ್ ಸುತ್ತುವಾಗ ಮೊದಲ ಎರಡು ಸುತ್ತು ಪ್ಯಾಲೆಟ್ ಮರವನ್ನೂ ಸೇರಿಸಿ ಸುತ್ತು. ತುಂಬ ಜನ ಬಾಕ್ಸ್‌ನಿಂದಲೇ ಶುರುಮಾಡುತ್ತಾರೆ. ಆಗ ಬಾಕ್ಸ್‌ಗಳೆಲ್ಲ ಒಂದಕ್ಕೊಂದು ಗಟ್ಟಿ, ಆದರೆ ಪ್ಯಾಲೆಟ್ ಮೇಲಿಂದ ಒಟ್ಟಿಗೇ ಜಾರುತ್ತವೆ.

ಅಂಚು ದಾಟಿಸುವ ವಿಷಯ ನಿನಗೆ ಹೇಳಲೇಬೇಕು. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಸ್ಟೀಲ್ ಪಾತ್ರೆಗಳ ಲೋಡು. ಒಂದು ವರಸೆಗೆ ಒಂದು ಬಾಕ್ಸ್ ಜಾಸ್ತಿ ಹಿಡಿಸಬೇಕೆಂದು ಎರಡು ಬದಿಯಲ್ಲೂ ಎರಡು ಬೆರಳಿನಷ್ಟು ಹೊರಗೆ ಬಿಟ್ಟೆವು. ನೋಡೋಕೆ ಏನೂ ಅನಿಸಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಸರಕು ಇಳಿಸಿಕೊಂಡ ಕಡೆಯಿಂದ ಫೋಟೋ ಬಂತು. ಕೆಳಗಿನ ಎರಡು ವರಸೆ ಮಂಡಿ ಊರಿ ಕೂತಿದ್ದವು. ಹೊರಗೆ ಚಾಚಿದ ಆ ಬದಿಯೇ ಮೊದಲು ಕುಸಿದಿತ್ತು. ಎರಡು ಬೆರಳು ಅಂದುಕೊಂಡೆವು. ನಿಜವಾಗಿ ನೋಡಿದರೆ ಹೊರ ಸಾಲಿನ ಪ್ರತಿ ಬಾಕ್ಸಿನ ಎರಡೆರಡು ಕಂಬವನ್ನು ಗಾಳಿಯಲ್ಲಿ ನಿಲ್ಲಿಸಿದ್ದೆವು. ಆವತ್ತಿನಿಂದ ಕಟ್ಟಿದ ಪ್ರತಿ ಪ್ಯಾಲೆಟ್‌ನ ಅಂಚಿಗೂ ಅಂಗೈ ಸವರಿ ನೋಡುವುದು ನನಗೆ ಅಭ್ಯಾಸವಾಯಿತು. ಬೆರಳಿಗೆ ಮರ ತಾಗಬೇಕು, ರಟ್ಟು ತಾಗಬಾರದು.

ಪ್ಯಾಲೆಟ್‌ನ ಹಲಗೆಗಳ ನಡುವಿನ ಸಂದನ್ನೂ ಗಮನಿಸು. ಬಾಕ್ಸಿನ ಮೂಲೆ ಆ ಸಂದಿಯ ಮೇಲೆ ಬಂದರೂ ಅದೇ ಕಥೆ. ಅಂಥ ಕಡೆ ಒಂದು ದಪ್ಪ ರಟ್ಟಿನ ಹಾಳೆ ಹಾಸಿ ಶುರುಮಾಡು.

ಮಳೆಗಾಲದಲ್ಲಿ ಇನ್ನೂ ಹುಷಾರು. ರಟ್ಟು ತೇವ ಹೀರಿದರೆ ಮೆತ್ತಗಾಗುತ್ತದೆ. ಹಡಗಿನಲ್ಲಿ ಹಗಲು ಬಿಸಿ, ರಾತ್ರಿ ತಂಪಾಗಿ ಕಂಟೇನರ್‌ನ ತಗಡಿನ ಮೇಲ್ಛಾವಣಿಯಿಂದ ನೀರು ತೊಟ್ಟಿಕ್ಕುವುದೂ ಉಂಟು. ಅದಕ್ಕೇ ತಳದ ಬಾಕ್ಸ್ ತನ್ನ ಮೇಲಿನ ಭಾರದಷ್ಟೇ ಹೊತ್ತರೆ ಸಾಲದು. 9 ಕೆ.ಜಿ.ಯ ಬಾಕ್ಸ್ ಐದು ವರಸೆ ಇಟ್ಟರೆ ತಳದ್ದರ ಮೇಲೆ 36 ಕೆ.ಜಿ. ಬೀಳುತ್ತದೆ. ಅದರ ಮೂರರಿಂದ ಐದು ಪಟ್ಟು ತಡೆಯುವ ಬಾಕ್ಸ್ ಬೇಕು ಅನ್ನುವುದು ನಮ್ಮ ಕೆಲಸದ ಲೆಕ್ಕ.

ಪ್ರಶ್ನೆ: ನಮ್ಮದು ಮಿಡಿಸೌತೆ ಉಪ್ಪಿನಕಾಯಿ. ಗಾಜಿನ ಬಾಟಲಿ, ಬಾಕ್ಸ್‌ಗೆ 12. ಬಾಕ್ಸ್ ಅಳತೆ 39×29×15, ತೂಕ 13 ಕೆ.ಜಿ. 120×100 ಪ್ಯಾಲೆಟ್ ಮೇಲೆ ಒಂದು ವರಸೆಗೆ 10 ಬರುತ್ತದೆ. ಎತ್ತರ ನೋಡಿದರೆ 10 ವರಸೆ ಹಿಡಿಯುತ್ತದೆ. 100 ಬಾಕ್ಸ್ ಹಾಕಬಹುದಾ? ಒಂದು ಪ್ಯಾಲೆಟ್ 1,000 ಕೆ.ಜಿ. ಮೀರಬಾರದು ಎಂದು ಗಿರಾಕಿ ಬರೆದಿದ್ದಾರೆ.
(ಓದುಗರು, ದಾವಣಗೆರೆ ಜಿಲ್ಲೆ)

ಆಗಲ್ಲ ಸ್ವಾಮಿ. ನಿಮ್ಮ ಉತ್ತರ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ. ಒಂದು ವರಸೆ ಅಂದರೆ 130 ಕೆ.ಜಿ. ಪ್ಯಾಲೆಟ್‌ನ ತೂಕ 25 ಕೆ.ಜಿ. ಇಟ್ಟುಕೊಳ್ಳಿ. ಏಳು ವರಸೆಗೆ 935 ಆಗುತ್ತದೆ. ಎಂಟನೆಯದು ಹಾಕಿದರೆ 1,065. ಹಾಗಾಗಿ 70 ಬಾಕ್ಸ್. ಉಪ್ಪುನೀರು, ಗಾಜು, ಟಿನ್ ಡಬ್ಬ, ಟೈಲ್ಸ್ ಇಂಥ ಸರಕಿನಲ್ಲಿ ಜಾಗ ಮುಗಿಯುವ ಮುಂಚೆಯೇ ತೂಕ ಮುಗಿಯುತ್ತದೆ. ತೂಕದ ಲೆಕ್ಕ ಮೊದಲು ಮಾಡಿ, ಎತ್ತರದ ಲೆಕ್ಕ ಆಮೇಲೆ. ವರಸೆಗಳ ನಡುವೆ ಒಂದೊಂದು ತೆಳು ರಟ್ಟಿನ ಹಾಳೆ ಹಾಕಿ. ಒಂದು ಬಾಟಲಿ ಒಡೆದು ರಸ ಸೋರಿದರೂ ಕೆಳಗಿನ ಬಾಕ್ಸ್‌ಗಳಿಗೆ ಅಷ್ಟು ಬೇಗ ಇಳಿಯುವುದಿಲ್ಲ.

ಪ್ರಶ್ನೆ: ನಮ್ಮದು ಅಡಿಕೆ ಹಾಳೆ ತಟ್ಟೆಯ ಘಟಕ. ಈ ಸಲ ಮೊದಲ ಬಾರಿಗೆ ಪೂರ್ತಿ 20 ಅಡಿ ಕಂಟೇನರ್ ಬುಕ್ ಮಾಡಿದ್ದೇವೆ, ಪಣಂಬೂರಿನ ಬಂದರಿನಿಂದ ಹೋಗುತ್ತದೆ. ಬಾಕ್ಸಿನ ಹೊರ ಅಳತೆ 59.5×39.5×40. 120×100 ಪ್ಯಾಲೆಟ್ ಎಷ್ಟು ಹಿಡಿಯುತ್ತದೆ? ಒಬ್ಬರು ಎಂಟು ಅನ್ನುತ್ತಾರೆ, ಇನ್ನೊಬ್ಬರು ಹತ್ತು ಅನ್ನುತ್ತಾರೆ. ಪ್ಯಾಲೆಟ್ ಬೇಡ, ಸುಮ್ನೆ ಬಾಕ್ಸ್‌ಗಳನ್ನೇ ತುಂಬಿ ಅನ್ನುವವರೂ ಇದ್ದಾರೆ.
(ಓದುಗರು, ಪುತ್ತೂರು)

ಎಂಟು ಅಂದವರು ಎಲ್ಲವನ್ನೂ ಒಂದೇ ದಿಕ್ಕಿನಲ್ಲಿ ಇಟ್ಟಿದ್ದಾರೆ. ಕಂಟೇನರ್ ಒಳಗಿನ ಉದ್ದ ಸುಮಾರು 5.9 ಮೀಟರ್, ಅಗಲ 2.35. ಉದ್ದಕ್ಕೆ 1.2ರಂತೆ ನಾಲ್ಕು, ಅಗಲಕ್ಕೆ 1 ಮೀಟರಿನಂತೆ ಎರಡು. ಎಂಟೇ. ಹತ್ತು ಅಂದವರಿಗೆ ಒಂದು ಉಪಾಯ ಗೊತ್ತು. ಎಡ ಸಾಲಿನಲ್ಲಿ ಒಳಗಿನ ಮೊದಲ ಪ್ಯಾಲೆಟ್ಟನ್ನು ಅಡ್ಡ ತಿರುಗಿಸಿ ಇಡಬೇಕು. ಆಗ ಅದು ಉದ್ದದಲ್ಲಿ 1 ಮೀಟರ್ ಮಾತ್ರ ತಿನ್ನುತ್ತದೆ. ಉಳಿದ ನಾಲ್ಕು ಉದ್ದುದ್ದ. ಒಟ್ಟು 5.8. ಬಲ ಸಾಲಿನಲ್ಲಿ ನಾಲ್ಕು ಉದ್ದುದ್ದ ಇಟ್ಟು, ಬಾಗಿಲ ಹತ್ತಿರದ ಕೊನೆಯದನ್ನು ಮಾತ್ರ ಅಡ್ಡ. ಅಲ್ಲೂ 5.8. ಅಡ್ಡ ಇರುವ ಎರಡು ಎದುರುಬದುರು ಬರದಿದ್ದರೆ ಸಾಕು, ಅಗಲ ಎಲ್ಲೂ 2.2 ದಾಟುವುದಿಲ್ಲ. ಹತ್ತೂ ಹಿಡಿಯಿತು. ಆದರೆ ಫೋರ್ಕ್‌ಲಿಫ್ಟ್ ನಾಲ್ಕೂ ಕಡೆಯಿಂದ ಕೊಂಬು ಹಾಕುವಂಥ ಪ್ಯಾಲೆಟ್ ಬೇಕು. ಎರಡೇ ಕಡೆ ಸಂದು ಇರುವ ಪ್ಯಾಲೆಟ್ ತಂದರೆ ತಿರುಗಿಸಿ ಇಡೋಕಾಗಲ್ಲ. ಕೊಳ್ಳುವಾಗಲೇ ಕೇಳಿ.

ಎತ್ತರಕ್ಕೆ ಬಾಗಿಲು ನೋಡಿ, ಒಳ ಛಾವಣಿ ನೋಡಬೇಡಿ. ಒಳಗೆ 2.39 ಮೀಟರ್ ಇದ್ದರೂ ಬಾಗಿಲು 2.28 ಮಾತ್ರ. ಕಟ್ಟಿದ ಪ್ಯಾಲೆಟ್ ಬಾಗಿಲಲ್ಲೇ ನುಗ್ಗಬೇಕಲ್ಲ. ನಿಮ್ಮ ಬಾಕ್ಸ್ ಐದು ವರಸೆಗೆ 2 ಮೀಟರ್, ಪ್ಯಾಲೆಟ್ ಸೇರಿ 2.15. ಸರಿಯಾಗಿದೆ. ಒಂದು ವರಸೆಗೆ ಐದು ಬಾಕ್ಸ್: ಎರಡು ಉದ್ದುದ್ದ, ಪಕ್ಕದಲ್ಲಿ ಮೂರು ಅಡ್ಡ. ಪ್ಯಾಲೆಟ್‌ಗೆ 25, ಹತ್ತಕ್ಕೆ 250 ಬಾಕ್ಸ್.

ಪ್ಯಾಲೆಟ್ ಇಲ್ಲದೆ ಕೈಯಲ್ಲೇ ತುಂಬಿದರೆ? ಅಗಲಕ್ಕೆ ಮೂರು ಬಾಕ್ಸ್ ಅಡ್ಡ, ಒಂದು ಉದ್ದುದ್ದ ಇಟ್ಟುಕೊಂಡು ಹೋದರೆ ನೆಲದ ಮೇಲೆ 51 ಬಾಕ್ಸ್ ಬರುತ್ತವೆ. ಐದು ವರಸೆಗೆ 255. ಐದು ಬಾಕ್ಸ್‌ಗೋಸ್ಕರ ಅಷ್ಟು ಹಮಾಲಿ ಕೂಲಿ ಯಾಕೆ ಅನಿಸಬಹುದು. ಆದರೆ ನಿಮ್ಮ ಬಾಕ್ಸಿನ ಎತ್ತರವನ್ನು ಒಂದೇ ಒಂದು ಸೆಂಟಿಮೀಟರ್ ಇಳಿಸಿ 39 ಮಾಡಿ. ಆರು ವರಸೆಗೆ 2.34 ಮೀಟರ್. ಒಳಗಿನ 2.39ರಲ್ಲಿ ಹಿಡಿಯುತ್ತದೆ. ಬಾಕ್ಸ್‌ಗಳು ಒಂದೊಂದಾಗಿ ಒಳಗೆ ಹೋಗುವುದರಿಂದ ಬಾಗಿಲಿನ ಎತ್ತರ ಅಡ್ಡ ಬರುವುದಿಲ್ಲ. 306 ಬಾಕ್ಸ್! ನಿಮ್ಮದು ಹಗುರ ಸರಕು, ತೂಕದ ತೊಂದರೆಯೂ ಇಲ್ಲ. ಹಾಳೆ ತಟ್ಟೆಗೆ ನಾನಾದರೆ ಈ ದಾರಿಯನ್ನೇ ಹಿಡಿಯುತ್ತೇನೆ. ಆದರೆ ಮೊದಲು ಗಿರಾಕಿಯನ್ನು ಕೇಳಿ, ಆ ಕಡೆ ಕೈಯಲ್ಲಿ ಇಳಿಸಿಕೊಳ್ಳಲು ಜನ ಇದ್ದಾರಾ ಅಂತ. ಕೆಲವು ದೇಶಗಳಲ್ಲಿ ಇಳಿಸುವ ಕೂಲಿಯೇ ನಿಮ್ಮ ಲಾಭ ತಿಂದುಬಿಡುತ್ತದೆ. ಅಲ್ಲಿ 250ರ ಪ್ಯಾಲೆಟ್ಟೇ ವಾಸಿ.

ತಟ್ಟೆ ಚೆನ್ನಾಗಿ ಒಣಗದೆ ತುಂಬಬೇಡಿ, ಕಂಟೇನರ್ ಒಳಗೆ ಬೂಷ್ಟು ಹಿಡಿಯುತ್ತದೆ. ತುಂಬುವ ಮುಂಚೆ ಒಬ್ಬರು ಒಳಗೆ ಹೋಗಿ ಹೊರಗಿಂದ ಬಾಗಿಲು ಹಾಕಿಸಿಕೊಳ್ಳಿ. ಅರ್ಧ ನಿಮಿಷ ಕತ್ತಲಲ್ಲಿ ನಿಂತು ಮೇಲೆ ನೋಡಿ. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ತೂತಿದೆ, ಬೇರೆ ಕಂಟೇನರ್ ಕೇಳಿ. ತುಂಬಿದ ಮೇಲೆ ಬಾಗಿಲು ಮುಚ್ಚುವ ಮುಂಚೆ ಒಂದು ಫೋಟೋ, ಸೀಲ್ ಹಾಕಿದ ಮೇಲೆ ಅದರ ನಂಬರ್ ಕಾಣುವ ಹಾಗೆ ಇನ್ನೊಂದು ಫೋಟೋ ತೆಗೆದಿಡಿ.